ತಪ್ಪಿಲ್ಲದ ಕೊನೆಯ ಭಾಷಣ

ಪರದೆ ಮೂರನೇ ಸಲವೂ ಕೈತಪ್ಪಿ ಸರ್ರನೆ ಸುತ್ತಿಕೊಂಡು ಮೇಲೆ ಹೋದಾಗ, ಕುರ್ಚಿಯ ಮೇಲೆ ನಿಂತಿದ್ದ ಸಂಘಟಕ ಕೆಳಗೆ ನೋಡಿ, "ನೀವು ತುದಿ ಹಿಡ್ಕೊಂಡಿರ್ತೀನಿ ಅಂದ್ರಲ್ಲ ಮೇಡಂ?" ಎಂದ.

"ಹಿಡ್ಕೊಂಡೇ ಇದ್ದೆ. ಜಾರಿಬಿಡ್ತು," ಎಂದಳು ಜರಡಿ.

ಜಾರಿರಲಿಲ್ಲ, ಬಿಟ್ಟಿದ್ದಳು. ಮೊದಲೆರಡು ಸಲದ್ದು ಪರದೆಯ ಹಟ, ಮೂರನೆಯದು ಇವಳದ್ದು. ಪರದೆ ನಿಲ್ಲದಿದ್ದರೆ ವಿಡಿಯೋ ಹಾಕುವುದಿಲ್ಲ, ವಿಡಿಯೋ ಹಾಕದಿದ್ದರೆ ಅದರ ಬಗ್ಗೆ ತಾನು ಎರಡು ಮಾತಾಡಬೇಕಾಗಿಲ್ಲ ಎಂದು ನಲವತ್ತೇಳು ವರ್ಷದ ಹೆಂಗಸು ಮಕ್ಕಳ ಹಾಗೆ ಯೋಚನೆ ಮಾಡಿದ್ದಳು. ಸಂಘಟಕನೋ, ಇಪ್ಪತ್ತು ಸಮ್ಮೇಳನ ನಡೆಸಿ ಪಳಗಿದ ಆಸಾಮಿ. ಜೇಬಿನಿಂದ ಟೇಪಿನ ಸುರುಳಿ ತೆಗೆದು, ಪರದೆಯ ಕೆಳಗಿನ ಪಟ್ಟಿಯನ್ನು ಎರಡು ಕುರ್ಚಿಗಳ ಬೆನ್ನಿಗೆ ಅಂಟಿಸಿಯೇಬಿಟ್ಟ. ಪರದೆ ತೆಪ್ಪಗೆ ನಿಂತಿತು.

ದಹನಾಗಾರಕ್ಕೆ ಸೇರಿಕೊಂಡಂತಿದ್ದ ಆ ಸಭಾಂಗಣದಲ್ಲಿ ಒಂದು ಕುಟುಂಬಕ್ಕೆ ಒಂದೂವರೆ ಗಂಟೆ. ಹತ್ತೂವರೆಯಿಂದ ಹನ್ನೆರಡರವರೆಗೆ ಮೇಷ್ಟ್ರದ್ದು. ಮುಂದೆ ಎತ್ತರದ ಮೇಜಿನ ಮೇಲೆ ಶವದ ಪೆಟ್ಟಿಗೆ, ಅದರ ಮೇಲೆ ಬಿಳಿ ಹೂವು, ಪಕ್ಕದಲ್ಲಿ ನಗುತ್ತಿರುವ ಫೋಟೋ. ಮೇಷ್ಟ್ರು ಎಂದರೆ ಯಾವ ಶಾಲೆಯಲ್ಲೂ ಪಾಠ ಮಾಡಿದವರಲ್ಲ. ಕಂಪ್ಯೂಟರಿಗೆ ಪ್ರೋಗ್ರಾಂ ಬರೆಯುವುದು ಹೇಗೆಂದು ಹನ್ನೊಂದು ಪುಸ್ತಕ ಬರೆದು, ಮೂವತ್ತು ವರ್ಷ ಸಮ್ಮೇಳನದಿಂದ ಸಮ್ಮೇಳನಕ್ಕೆ ಸುತ್ತಿ ಭಾಷಣ ಮಾಡಿದವರು. ಜನರೇ ಅವರನ್ನು ಮೇಷ್ಟ್ರು ಮಾಡಿದ್ದರು. ಮೊನ್ನೆ ಬೆಳಿಗ್ಗೆ ಹಲ್ಲುಜ್ಜುತ್ತಾ ನಿಂತಲ್ಲೇ ಎದೆ ಹಿಡಿದುಕೊಂಡು ಕುಸಿದರು, ಅಷ್ಟೇ. ಅರವತ್ತೆಂಟು ವಯಸ್ಸು.

"ನಾನು ಈ ಕೆಲಸಕ್ಕೆ ಬಂದಿದ್ದೇ ಅವರ ಮೂರನೇ ಪುಸ್ತಕ ಓದಿ," ಎಂದ ಎರಡನೇ ಸಾಲಿನಲ್ಲಿ ಕೂತಿದ್ದ ಒಬ್ಬ.

"ನಾನು ಈ ಕೆಲಸ ಬಿಟ್ಟಿದ್ದೂ ಅದನ್ನೇ ಓದಿ," ಎಂದ ಪಕ್ಕದವನು. ಇಬ್ಬರೂ ನಕ್ಕು, ಪೆಟ್ಟಿಗೆಯ ಕಡೆ ನೋಡಿ, ಸುಮ್ಮನಾದರು.

ಸಂಘಟಕ ಕುರ್ಚಿಯಿಂದಿಳಿದು ಕೈ ಒರೆಸಿಕೊಂಡ. "ಕೊನೇ ಭಾಷಣದ್ದು ಹನ್ನೆರಡು ನಿಮಿಷ ಹಾಕ್ತೀನಿ. ಆ ವಯಸ್ಸಲ್ಲಿ, ಅಷ್ಟು ಜನರ ಮುಂದೆ, ಒಂದೇ ಒಂದು ತಪ್ಪಿಲ್ಲ! ಮೊದ್ಲು ನೀವೆರಡು ಮಾತು ಹೇಳ್ಬಿಡಿ."

"ಅದು ಬೇಡ. ಹಳೇದು ಯಾವ್ದಾದ್ರೂ ಹಾಕಿ."

"ಹಳೇದ್ರಲ್ಲೆಲ್ಲ ತಪ್ಪು ಮಾಡ್ತಾರಲ್ಲ ಮೇಡಂ."

"ಅದಕ್ಕೇ ಹೇಳಿದ್ದು."

ಅವನಿಗೆ ಅರ್ಥವಾಗಲಿಲ್ಲ. ಅಷ್ಟರಲ್ಲಿ ಮೇಷ್ಟ್ರ ತಮ್ಮ ಬಂದ. ಮೂವತ್ತು ವರ್ಷ ಲಾರಿ ಓಡಿಸಿದ ಮನುಷ್ಯ, ಸಭಾಂಗಣದೊಳಗೂ ಹಿಂದೆ ಬರುವ ಗಾಡಿಗೆ ದಾರಿ ಬಿಡುವವನಂತೆ ಪಕ್ಕಕ್ಕೆ ಸರಿದು ಸರಿದು ನಡೆಯುತ್ತಿದ್ದ.

"ಮನೇಲಿ ಒಂದು ಬಲ್ಬ್ ಹಾಕೋಕೆ ಬರ್ತಿರ್ಲಿಲ್ಲ ನಮ್ಮಣ್ಣನಿಗೆ," ಎಂದ ಅವನು, ತುಂಬಿದ ಕುರ್ಚಿಗಳನ್ನು ನೋಡುತ್ತಾ. "ಜನ ನೋಡಮ್ಮ." ಮೂಗೊರೆಸಿಕೊಂಡ. "ಅತ್ತಿಗೆ ನಿನ್ನ ಕರೀತಿದಾರೆ, ಪಕ್ಕದ ಕೋಣೇಲಿ. ಏನೋ ಕೇಳ್ಬೇಕಂತೆ, ಒಬ್ಬಳೇ ಬರ್ಬೇಕಂತೆ."

ಅವರ ಮನೆಯ ಹೊಸ್ತಿಲು ತುಳಿದು ಜರಡಿಗೆ ಎರಡು ವರ್ಷವಾಗಿತ್ತು.

*

ಜರಡಿ ಎನ್ನುವುದು ಮೇಷ್ಟ್ರು ಇಟ್ಟ ಹೆಸರು. ಇಪ್ಪತ್ತು ವರ್ಷದ ಕೆಳಗೆ ಪ್ರಕಾಶಕರು ಅವಳ ಕೈಗೆ ಅವರದೊಂದು ಹಸ್ತಪ್ರತಿ ಕೊಟ್ಟು, ಇದರಲ್ಲಿರುವ ಪ್ರೋಗ್ರಾಂಗಳನ್ನೆಲ್ಲ ನೀವೇ ಕೂತು ಟೈಪ್ ಮಾಡಿ, ಓಡುತ್ತವೋ ಇಲ್ಲವೋ ನೋಡಿ ಎಂದಿದ್ದರು. ಓದುಗ ಪುಸ್ತಕ ನೋಡಿ ಬರೆದದ್ದು ಓಡದಿದ್ದರೆ ಅವನು ತನ್ನನ್ನೇ ದಡ್ಡ ಅಂದುಕೊಳ್ಳುತ್ತಾನೆ, ಅದು ಪಾಪದ ಕೆಲಸ ಎನ್ನುವುದು ಮೇಷ್ಟ್ರ ಸಿದ್ಧಾಂತ. ಅವಳು ಮೂವತ್ತೊಂದು ತಪ್ಪು ಹುಡುಕಿ ಪಟ್ಟಿ ಕಳಿಸಿದಳು. ಮಾರನೇ ದಿನ ಅವರೇ ಫೋನ್ ಮಾಡಿದರು.

"ಮೂವತ್ತೊಂದಲ್ಲ, ಮೂವತ್ತೆರಡು. ಒಂದನ್ನ ನಾನೇ ಬೇಕಂತ ಇಟ್ಟಿದ್ದೆ. ನಿಮಗದು ಸಿಕ್ಕಿಲ್ಲ."

ಅವಳಿಗೆ ಮೈಯೆಲ್ಲ ಉರಿದುಹೋಯಿತು. ಎರಡು ದಿನ ಊಟ ತಿಂಡಿ ಮರೆತು ಜಾಲಾಡಿ, ಮೂರನೇ ದಿನ ಫೋನ್ ಮಾಡಿ, "ನೂರಾ ಹದಿನಾಲ್ಕನೇ ಪುಟ," ಎಂದಳು. ಆ ಕಡೆಯಿಂದ ಕೇಳಿಬಂದ ನಗು ಈಗಲೂ ಅವಳ ಕಿವಿಯಲ್ಲಿದೆ. ಅವತ್ತಿನಿಂದ ನೀವು ಹೋಗಿ ನೀನು ಬಂತು, ಪ್ರತಿ ಪುಸ್ತಕದ ಮುನ್ನುಡಿಯಲ್ಲೂ ‘ನಮ್ಮ ಜರಡಿಗೆ’ ಎಂದು ಒಂದು ಸಾಲು ಬಂತು, ತಿಂಗಳಿಗೊಮ್ಮೆ ಅವರ ಮನೆಯ ಊಟ ಬಂತು. ಮೇಷ್ಟ್ರ ಹೆಂಡತಿ, ಊರಿನವರ ಬಟ್ಟೆ ಹೊಲಿಯುತ್ತಿದ್ದ ಅಕ್ಕ, ಬಡಿಸುತ್ತಾ ಹೇಳುತ್ತಿದ್ದಳು: "ಇವರ ತಪ್ಪು ಹುಡುಕೋಕೆ ಜನ ಇಟ್ಟಿದಾರಂತೆ. ನಾನು ಬಿಟ್ಟಿ ಮಾಡ್ತಿದ್ದೆ."

ವೇದಿಕೆಯ ಮೇಲೂ ಅವರದು ಅದೇ ಚಾಳಿ. ಉಳಿದ ಭಾಷಣಕಾರರೆಲ್ಲ ಮನೆಯಲ್ಲಿ ತಯಾರು ಮಾಡಿದ ಚಿತ್ರ ತೋರಿಸಿ ಮಾತಾಡಿ ಇಳಿದುಹೋದರೆ, ಇವರು ಖಾಲಿ ಪರದೆ ಇಟ್ಟುಕೊಂಡು ಜನರ ಎದುರೇ ಪ್ರೋಗ್ರಾಂ ಬರೆಯುತ್ತಿದ್ದರು. ಮೇಲಿನಿಂದ ಒಂದು ಕ್ಯಾಮೆರಾ ಅವರ ಕೈಗಳನ್ನೇ ಹಿಡಿದು, ಪರದೆಯ ಮೂಲೆಯಲ್ಲಿ ಚಿಕ್ಕದಾಗಿ ತೋರಿಸುತ್ತಿರಬೇಕು. ತಪ್ಪು ಮಾಡುವ ಕೈ ಜನರಿಗೆ ಕಾಣಬೇಕು ಎನ್ನುವರು. ಮತ್ತೆ ಪ್ರತಿ ಭಾಷಣದಲ್ಲೂ ಒಂದು ತಪ್ಪು ಬೇಕೆಂದೇ ಮಾಡುವರು. ಆ ಪ್ರೋಗ್ರಾಂಗಳಲ್ಲಿ ಎಣಿಕೆ ಸೊನ್ನೆಯಿಂದ ಶುರುವಾಗಬೇಕು. ಇವರು ಮಾತಾಡುತ್ತಾ ಮಾತಾಡುತ್ತಾ ಸೊನ್ನೆಯ ಜಾಗದಲ್ಲಿ ಒಂದು ಹಾಕಿಬಿಡುವರು. ಹತ್ತು ಹೆಸರು ಬರಬೇಕಾದಲ್ಲಿ ಒಂಬತ್ತು ಬರುವುದು, ಮೊದಲನೆಯ ಹೆಸರೇ ಮಾಯ. ಯಾರೋ ಹಿಂದಿನಿಂದ ಕೂಗುವರು. ಮೇಷ್ಟ್ರು ತಲೆ ಕೆರೆದುಕೊಂಡು, ಮುಖ ಹುಳ್ಳಗೆ ಮಾಡಿಕೊಂಡು ಹೇಳುವರು:

"ಯಂತ್ರ ಸುಳ್ಳು ಹೇಳಲ್ಲ. ಏನಾದ್ರೂ ಎಡವಟ್ಟಾದ್ರೆ ಮೊದ್ಲು ನಿಮ್ಮನ್ನ ಅನುಮಾನಿಸಿ. ಆಮೇಲೆ ನೀವು ಬರೆದದ್ದನ್ನ. ಯಂತ್ರಾನ ಕಟ್ಟಕಡೇಗೆ."

ಜನ ಚಪ್ಪಾಳೆ ತಟ್ಟುತ್ತಿದ್ದರು. ಎಷ್ಟೋ ಜನ ಆ ಮಾತನ್ನು ಬರೆದು ಮೇಜಿನ ಮುಂದೆ ಅಂಟಿಸಿಕೊಂಡಿದ್ದರು. ಹಾಗೆ ಅಂಟಿಸಿಕೊಂಡವರಲ್ಲಿ ಜರಡಿಯೂ ಒಬ್ಬಳು.

*

ಎರಡು ವರ್ಷದ ಹಿಂದೆ, ಕೊನೆಯ ಭಾಷಣದ ಮುಂಚೆ, ಮೇಷ್ಟ್ರು ಎರಡು ಸಮ್ಮೇಳನಗಳಲ್ಲಿ ತೊಡರಿದ್ದರು. ಅದರಲ್ಲೊಂದು ಕಡೆ ಜ್ವರದ ಮೈಯಲ್ಲೇ ಪ್ರಯಾಣ ಮಾಡಿ ಹೋಗಿ, ಮುಂದಿನ ಸಾಲು ತೋಚದೆ ನಾಲ್ಕು ನಿಮಿಷ ಸುಮ್ಮನೆ ನಿಂತರು. ಯಾರೋ ಅದನ್ನೇ ಕತ್ತರಿಸಿ, ಹಿಂದೆ ನಗುವಿನ ಸದ್ದು ಸೇರಿಸಿ ಎಲ್ಲರಿಗೂ ಕಳಿಸಿದರು. ಸಂಘಟಕ ಜರಡಿಯನ್ನು ಪಕ್ಕಕ್ಕೆ ಕರೆದು, "ಈ ಸಲಾನೂ ಹಾಗಾದ್ರೆ ಮುಂದಿನ ವರ್ಷ ಕರೆಯೋಕಾಗಲ್ಲ ಮೇಡಂ. ನೀವೇ ಏನಾದ್ರೂ ನೋಡ್ಕೊಳ್ಳಿ," ಎಂದ.

ಅವಳು ನೋಡಿಕೊಂಡಳು. ಭಾಷಣಕಾರರ ನಡುವೆ ಗುಟ್ಟಾಗಿ ಓಡಾಡುವ ಒಂದು ಪುಟ್ಟ ಪ್ರೋಗ್ರಾಂ ಇದೆ. ಅದನ್ನು ಲ್ಯಾಪ್‌ಟಾಪಿಗೆ ಹಾಕಿ, ಬರೆಯಬೇಕಾದದ್ದನ್ನು ಮೊದಲೇ ತುಂಬಿಟ್ಟರೆ, ಯಾವ ಕೀಲಿ ಒತ್ತಿದರೂ ತುಂಬಿಟ್ಟದ್ದರ ಮುಂದಿನ ಅಕ್ಷರವೇ ಪರದೆಗೆ ಬರುತ್ತದೆ. ಕೋತಿ ಬಂದು ಕುಟ್ಟಿದರೂ ಮುತ್ತಿನಂಥ ಪ್ರೋಗ್ರಾಂ. ಮೇಷ್ಟ್ರು ಮುಖ ತೊಳೆಯಲು ಹೋದ ಹತ್ತು ನಿಮಿಷದಲ್ಲಿ ಅವಳು ಅವರ ಟಿಪ್ಪಣಿ ನೋಡಿಕೊಂಡು ಎಲ್ಲ ತುಂಬಿಟ್ಟಳು. ಹೇಳಿದರೆ ಒಪ್ಪುತ್ತಿರಲಿಲ್ಲ, ಅದಕ್ಕೇ ಹೇಳಲಿಲ್ಲ. ಬೇಕೆಂದು ಮಾಡುವ ತಪ್ಪು ಅವಳ ನೆನಪಿಗೇ ಬರಲಿಲ್ಲ. ತೊಡರಲು ಶುರುವಾದ ಮೇಲೆ ಅವರು ಅದನ್ನು ಬಿಟ್ಟೇಬಿಟ್ಟಿದ್ದರು. ‘ನಿಜವಾದ ತಪ್ಪುಗಳೇ ಸಾಕಾಗಿವೆ ಮಾರಾಯ್ತಿ’ ಎಂದು ನಕ್ಕಿದ್ದರು ಕೂಡ.

ಅವತ್ತು ಮಾತ್ರ ಮೇಷ್ಟ್ರು ಹುರುಪಿನಲ್ಲಿದ್ದರು. ಹಳೆಯ ಜೋಕುಗಳಿಗೆ ಹೊಸ ಬಾಲ ಸೇರಿಸುತ್ತಿದ್ದರು. ಏಳನೇ ನಿಮಿಷಕ್ಕೆ ಅವರ ತುಟಿಯ ಅಂಚಿನಲ್ಲಿ, ಬೇಕೆಂದೇ ತಪ್ಪು ಮಾಡುವ ಮುಂಚಿನ ಆ ಕಳ್ಳನಗೆ ಮೂಡಿದ್ದನ್ನು ವೇದಿಕೆಯ ಪಕ್ಕದಲ್ಲಿ ನಿಂತಿದ್ದ ಜರಡಿ ಕಂಡಳು. ಅವರು ಒಂದರ ಕೀಲಿ ಒತ್ತಿದರು. ಪರದೆಗೆ ಸೊನ್ನೆ ಬಂತು. ಅವರು ಪರದೆ ನೋಡಿದರು. ಅಳಿಸುವ ಕೀಲಿ ಒತ್ತಿದರು. ಅಳಿಸಲಿಲ್ಲ, ಮುಂದಿನ ಅಕ್ಷರ ಬಂತು. ಅವರ ಕೈಗಳು ಗಾಳಿಯಲ್ಲಿ ನಿಂತುಬಿಟ್ಟವು. ಜನ ಅದನ್ನು ಮಾತಿನ ನಡುವಿನ ಗತ್ತು ಅಂದುಕೊಂಡರು. ಆಮೇಲೆ ಅವರು ತಲೆ ತಗ್ಗಿಸಿ, ಒಂದೂ ಜೋಕು ಹೇಳದೆ, ಕೊನೆಯ ತನಕ ಬರೆದು ಮುಗಿಸಿದರು. ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿತು.

ಚಪ್ಪಾಳೆ ನಿಲ್ಲುವ ಮುಂಚೆ ಅವಳು ಲ್ಯಾಪ್‌ಟಾಪನ್ನು ಒಳಗೆ ತಂದು, ಆ ಪ್ರೋಗ್ರಾಮನ್ನು ಗುರುತೂ ಉಳಿಯದಂತೆ ಅಳಿಸಿಹಾಕಿದಳು. ಎಷ್ಟಾದರೂ ಜರಡಿ, ಕೆಲಸ ಅಚ್ಚುಕಟ್ಟು.

ಎಂಟು ದಿನದ ಮೇಲೆ ಮೇಷ್ಟ್ರು ಫೋನ್ ಮಾಡಿದರು. ಪೀಠಿಕೆಯಿಲ್ಲ, ನಗುವಿಲ್ಲ. "ಅವತ್ತು ನೀನು ನನ್ನ ಲ್ಯಾಪ್‌ಟಾಪ್ ಮುಟ್ಟಿದ್ಯಾ?"

"ಇಲ್ಲ ಮೇಷ್ಟ್ರೇ."

"ಸರಿ ಹಾಗಾದ್ರೆ."

ಅವರಿಗೆ ಗೊತ್ತಾಗಿದೆ, ಗೊತ್ತಾಗಿಯೂ ದೊಡ್ಡ ಮನಸ್ಸಿನಿಂದ ಬಿಟ್ಟುಬಿಟ್ಟಿದ್ದಾರೆ ಎಂದು ಅವಳು ಅಂದುಕೊಂಡಳು. ಮುಖ ತೋರಿಸಲಾಗದೆ ಮನೆಗೆ ಹೋಗುವುದು ನಿಲ್ಲಿಸಿದಳು. ಮೇಷ್ಟ್ರು ಮತ್ತೆ ವೇದಿಕೆ ಹತ್ತಲಿಲ್ಲ, ಅರ್ಧವಾಗಿದ್ದ ಹನ್ನೆರಡನೇ ಪುಸ್ತಕವನ್ನು ಮುಂದುವರಿಸಲಿಲ್ಲ. ಒಳ್ಳೇ ಹೊತ್ತಲ್ಲಿ ನಿಲ್ಲಿಸಿದರು ಎಂದರು ಜನ.

*

ಕುಟುಂಬದವರ ಕೋಣೆಯಲ್ಲಿ ಒಂದು ಸೋಫಾ, ನೀರಿನ ಬಾಟಲಿ, ಕಣ್ಣೊರೆಸುವ ಕಾಗದದ ಡಬ್ಬಿ. ಅಕ್ಕ ಅದೇ ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು, ಒಂದನ್ನೂ ತೆಗೆದಿರಲಿಲ್ಲ.

"ಬಾ, ಕೂತ್ಕೋ. ಎಷ್ಟು ಬಡವಾಗಿದೀಯ," ಎಂದಳು. ಜರಡಿ ಸೋಫಾದ ಅಂಚಿಗೆ ಕೂತಳು. "ನಿನ್ನ ಕರೆಸ್ಬೇಕು ಅಂತ ಎಷ್ಟೋ ಸಲ ಅಂದ್ಕೊಂಡೆ. ಇವರೇ ಬೇಡ ಅಂದ್ರು. ಅವಳು ನನ್ನ ತಪ್ಪು ಹುಡುಕಿದವಳು, ಇದೊಂದು ತಪ್ಪು ಅವಳ ಕಣ್ಣಿಗೆ ಬೀಳೋದು ಬೇಡ ಅಂದ್ರು."

"ಯಾವ ತಪ್ಪು ಅಕ್ಕ?"

"ಅವರ ತಲೆ." ಅಕ್ಕ ಹಣೆಯ ಪಕ್ಕ ಬೆರಳಿಟ್ಟು ತೋರಿಸಿದಳು. "ಆ ಕೊನೇ ಭಾಷಣದ ದಿನ ಮನೆಗೆ ಬಂದವರೇ ಬಾಗಿಲು ಹಾಕ್ಕೊಂಡು ಕೂತ್ರು. ನಾನು ಒಂದು ಒತ್ತಿದೆ ಕಣೇ, ಸೊನ್ನೆ ಕಾಣಿಸ್ತು ಅಂದ್ರು. ಎಂಟು ದಿನ ಆ ಲ್ಯಾಪ್‌ಟಾಪನ್ನ ಬಿಚ್ಚಿ ಜೋಡಿಸಿ ನೋಡಿದ್ದೇ ನೋಡಿದ್ದು. ಯಂತ್ರದಲ್ಲಿ ಏನೂ ಇಲ್ಲ. ಆ ಭಾಷಣದ ವಿಡಿಯೋ ಮಾತ್ರ ಕೊನೇವರೆಗೂ ನೋಡ್ಲಿಲ್ಲ, ಹೆದರಿಕೆ. ಆಮೇಲೆ ಯಾರಿಗೋ ಫೋನ್ ಮಾಡಿದ್ರು. ಫೋನ್ ಇಟ್ಟು, ಯಂತ್ರ ಸರಿ ಇದೆ, ಯಾರೂ ಮುಟ್ಟಿಲ್ಲ, ಹಾಗಾದ್ರೆ ಕೆಟ್ಟಿರೋದು ನಾನೇ ಅಂದ್ರು."

ಜರಡಿ ನೀರಿನ ಬಾಟಲಿ ಎತ್ತಿ ಕೈಯಲ್ಲಿ ಹಿಡಿದುಕೊಂಡಳು.

"ಡಾಕ್ಟ್ರು ಏನೂ ಇಲ್ಲ ಅಂದ್ರು. ಇವರು ಕೇಳ್ಬೇಕಲ್ಲ! ದಿನಾ ಬೆಳಿಗ್ಗೆ ನನ್ನ ಪಕ್ಕದಲ್ಲಿ ಕೂರಿಸ್ಕೊಳ್ಳೋರು. ಅವರು ಟೈಪ್ ಮಾಡೋದು, ನಾನು ಅವರ ಬೆರಳು ನೋಡಿ ಯಾವ ಅಕ್ಷರ ಅಂತ ಹೇಳೋದು. ಆಮೇಲೆ ಪರದೆ ಜೊತೆ ತಾಳೆ ನೋಡೋದು. ನಂಗೇನು ಗೊತ್ತಿತ್ತು ಅದೆಲ್ಲ? ಸೂಜಿ ನೋಡ್ತಿದ್ದ ಕಣ್ಣು, ಬೆರಳು ನೋಡೋದು ಕಲೀತು. ಎರಡು ವರ್ಷ, ಒಂದು ದಿನಾನೂ ತಪ್ಪಲಿಲ್ಲ. ಒಂದೇ ಒಂದು ಅಕ್ಷರ ವ್ಯತ್ಯಾಸ ಬರ್ಲಿಲ್ಲ. ಆದ್ರೂ ನಾಳೆ ಬರತ್ತೆ ನೋಡು ಅನ್ನೋರು."

ಅಕ್ಕ ಡಬ್ಬಿಯಿಂದ ಒಂದು ಕಾಗದ ಎಳೆದು, ಕಣ್ಣಿಗೆ ಒತ್ತದೆ ಹಾಗೇ ಮಡಚತೊಡಗಿದಳು.

"ನಾನೂ ಅವರನ್ನ ನಂಬಲಿಲ್ಲ. ಒಲೆ ಹಚ್ಚೋಕೆ ಬಿಡ್ತಿರ್ಲಿಲ್ಲ. ಒಬ್ಬರನ್ನೇ ಬೀದಿಗೆ ಕಳಿಸ್ತಿರ್ಲಿಲ್ಲ. ಚಿಕ್ಕ ಮಗೂಗೆ ಹೇಳೋ ಹಾಗೆ ಎರಡೆರಡು ಸಲ ಹೇಳ್ತಿದ್ದೆ. ಅವರು ತಲೆ ತಗ್ಗಿಸ್ಕೊಂಡು ಆಯ್ತು ಅನ್ನೋರು. ಅಷ್ಟು ಮಾತಾಡ್ತಿದ್ದ ಮನುಷ್ಯ." ಅವಳು ಮುಖವೆತ್ತಿ ನೇರ ನೋಡಿದಳು. "ಅವತ್ತು ನೀನಲ್ಲೇ ಇದ್ಯಲ್ಲ. ನಿಜ ಹೇಳು. ಅವರಿಗೆ ತಲೆ ಕೆಟ್ಟಿತ್ತಾ? ನಾನು ಮಾಡಿದ್ದು ಸರಿಯಿತ್ತಾ? ಅಷ್ಟು ಗೊತ್ತಾದ್ರೆ ಸಾಕು ನಂಗೆ."

ಕೆಟ್ಟಿತ್ತು ಅಕ್ಕ ಎಂದರೆ ಮುಗಿಯುತ್ತಿತ್ತು. ಈ ಹೆಂಗಸು ಎರಡು ವರ್ಷ ಮಾಡಿದ್ದೆಲ್ಲ ಸೇವೆಯಾಗುತ್ತಿತ್ತು, ಇವತ್ತು ಮನೆಗೆ ಹೋಗಿ ನಿದ್ದೆ ಮಾಡುತ್ತಿದ್ದಳು. ಆ ಮಾತು ಜರಡಿಯ ನಾಲಿಗೆಯ ತುದಿಗೇ ಬಂದಿತ್ತು. ಕರುಣೆಯಿಂದ ಇನ್ನೊಂದು ಸುಳ್ಳು. ಮೊದಲನೆಯದೂ ಕರುಣೆಯದ್ದೇ ಎಂದು ತಾನು ಎರಡು ವರ್ಷದಿಂದ ಹೇಳಿಕೊಂಡು ಬಂದದ್ದು ನೆನಪಾಗಿ ಅವಳಿಗೆ ತನ್ನ ಮೇಲೆ ಹೇಸಿಗೆಯಾಯಿತು.

"ಅವರಿಗೆ ಏನೂ ಆಗಿರ್ಲಿಲ್ಲ ಅಕ್ಕ," ಎಂದಳು. "ಅವರು ಒತ್ತಿದ್ದು ಒಂದೇ. ಸೊನ್ನೆ ಬರೋ ಹಾಗೆ ಮಾಡಿದ್ದು ನಾನು."

ಆಮೇಲೆ ಎಲ್ಲ ಹೇಳಿದಳು. ನಾಲ್ಕು ನಿಮಿಷದ ವಿಡಿಯೋ, ಸಂಘಟಕನ ಮಾತು, ಮುಖ ತೊಳೆಯಲು ಹೋದ ಹೊತ್ತು, ಏಳನೇ ನಿಮಿಷದ ಸೊನ್ನೆ, ಅಳಿಸಿಹಾಕಿದ್ದು. ಆ ಫೋನ್ ತನಗೇ ಬಂದದ್ದು, ತಾನು ಇಲ್ಲ ಎಂದದ್ದು. ಹೇಳುವಾಗ ಅಳಬಾರದು, ಅಳುವ ಹಕ್ಕು ತನಗಿಲ್ಲ ಎಂದು ಹಲ್ಲು ಕಚ್ಚಿ ಹೇಳಿದಳು.

ಅಕ್ಕ ಬೈಯಲಿಲ್ಲ. ಮಡಚಿದ ಕಾಗದವನ್ನು ಬಿಚ್ಚಿ, ಮತ್ತೆ ಮಡಚಿದಳು. "ಬೀದಿ ಕೊನೇವರೆಗೆ ಹೋಗಿ ಪೇಪರ್ ತರ್ತೀನಿ ಅಂತ ಕೇಳ್ತಿದ್ರು," ಎಂದಳು ಯಾರಿಗೋ ಹೇಳುವವಳ ಹಾಗೆ. "ಬೇಡ ಅಂತಿದ್ದೆ."

"ಅಕ್ಕ..."

"ಸುಮ್ನಿರು."

ಬಾಗಿಲು ತಟ್ಟಿ ಸಂಘಟಕ ತಲೆ ಹಾಕಿದ. "ಹನ್ನೊಂದೂವರೆ ಆಯ್ತಮ್ಮ. ವಿಡಿಯೋ ಶುರು ಮಾಡ್ಲಾ?"

ಜರಡಿ ಬೇಡ ಎನ್ನುವುದರೊಳಗೆ ಅಕ್ಕ ಎದ್ದು ನಿಂತಳು. "ಮಾಡು. ಮೊದ್ಲು ಇವಳು ಮಾತಾಡ್ತಾಳೆ."

*

ಮೈಕಿನ ಮುಂದೆ ಜರಡಿ ನಿಂತಾಗ ಬರೆದುಕೊಂಡು ಬಂದಿದ್ದ ಕಾಗದ ಕೈಯಲ್ಲಿತ್ತು. ಅದರಲ್ಲಿ ಮೇಷ್ಟ್ರ ಗುಣಗಾನ ಒಂದು ಪುಟ ಇತ್ತು. ಅವಳು ಅದನ್ನು ಓದಲಿಲ್ಲ.

"ಈಗ ನೀವು ನೋಡೋ ಭಾಷಣದಲ್ಲಿ ಪರದೆ ಮೇಲೆ ಬರೋದು ಮೇಷ್ಟ್ರು ಬರೆದಿದ್ದಲ್ಲ," ಎಂದಳು. "ಅವರಿಗೆ ಗೊತ್ತಿಲ್ಲದ ಹಾಗೆ ನಾನು ತುಂಬಿಟ್ಟಿದ್ದು. ಆಮೇಲೆ ಅವರು ಕೇಳಿದಾಗ ನಾನು ಮುಟ್ಟೇ ಇಲ್ಲ ಅಂದೆ. ಅವರು ನನ್ನ ಮಾತು ನಂಬಿ, ತಮ್ಮ ತಲೇನೇ ಕೆಟ್ಟಿದೆ ಅಂದ್ಕೊಂಡು ಬದುಕಿದ್ರು. ಕೆಟ್ಟಿರ್ಲಿಲ್ಲ."

ಎರಡನೇ ಸಾಲಿನವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಸಂಘಟಕ ಹತ್ತಿರ ಬಂದು, "ಈಗ ಇದೆಲ್ಲ ಯಾಕೆ ಮೇಡಂ?" ಎಂದು ಪಿಸುಗುಟ್ಟಿದ. ಅವನ ಮುಖ ಬಿಳಿಚಿಕೊಂಡಿತ್ತು. ಮೇಷ್ಟ್ರ ತಮ್ಮ ಕುರ್ಚಿಯಿಂದ ಅರ್ಧ ಎದ್ದವನು, "ಏನಮ್ಮಾ ನೀನು..." ಎಂದ.

"ವಿಡಿಯೋ ಹಾಕಪ್ಪ," ಎಂದಳು ಅಕ್ಕ. "ಏಳನೇ ನಿಮಿಷದಿಂದ ಹಾಕು."

ಪರದೆಯ ಮೇಲೆ ಮೇಷ್ಟ್ರು ಬಂದರು. ಒಂದು ಜೋಕು ಹೇಳಿದರು, ಎರಡು ವರ್ಷದ ಹಿಂದಿನ ಜನ ನಕ್ಕರು, ಈ ಸಭಾಂಗಣದಲ್ಲಿ ಯಾರೂ ನಗಲಿಲ್ಲ. ಅಕ್ಕ ಪೆಟ್ಟಿಗೆಯನ್ನು ಸುತ್ತಿಕೊಂಡು, ಪರದೆಯ ತೀರಾ ಹತ್ತಿರ ಹೋಗಿ, ಕೆಳಗಿನ ಮೂಲೆಗೆ ಬಗ್ಗಿದಳು. ಅಲ್ಲಿ ಅಂಗೈಯಗಲದ ಚೌಕದಲ್ಲಿ ಎರಡು ಕೈಗಳು ಕೀಬೋರ್ಡಿನ ಮೇಲೆ ಆಡುತ್ತಿದ್ದವು. ಮೇಲೆ ದೊಡ್ಡದಾಗಿ ಮೂಡುತ್ತಿದ್ದ ಅಕ್ಷರಗಳ ಕಡೆ ಅವಳು ಕತ್ತೆತ್ತಲೇ ಇಲ್ಲ.

"ಪೆನ್ನು ತಗೋ," ಎಂದಳು ತಿರುಗದೆ. "ನಾನು ಹೇಳಿದ್ದು ಬರ್ಕೊ. ಏನು ಬಂದ್ರೂ ತಿದ್ದಬೇಡ."

ಜರಡಿ ಕಾಗದವನ್ನು ಮಗುಚಿ, ಪೆಟ್ಟಿಗೆಯ ಪಕ್ಕದ ಮೇಜಿನ ಅಂಚಿಗೆ ಇಟ್ಟುಕೊಂಡಳು.

"ಎಫ್. ಓ. ಆರ್," ಎಂದಳು ಅಕ್ಕ, ಬೆಳಗಿನ ಅಭ್ಯಾಸದ ಏರಿಳಿತವಿಲ್ಲದ ದನಿಯಲ್ಲಿ. "ಜಾಗ ಬಿಡು. ಐ. ಜಾಗ ಬಿಡು. ಸಮ. ಜಾಗ ಬಿಡು."

ಜರಡಿ ಬರೆದಳು. ಬರೆಯುತ್ತಾ ಕಣ್ಣು ತಾನಾಗಿ ಪರದೆಯ ಕಡೆ ಹೋಗಿ ತಾಳೆ ನೋಡುತ್ತಿತ್ತು. ಎಲ್ಲವೂ ಒಂದೇ. ಅವರ ಬೆರಳಿಗೂ ಇವಳು ತುಂಬಿಟ್ಟದ್ದಕ್ಕೂ ಕೂದಲೆಳೆಯ ವ್ಯತ್ಯಾಸವಿರಲಿಲ್ಲ. ಇವಳ ಸಹಾಯ ಅವತ್ತು ಅವರಿಗೆ ಬೇಕಾಗಿಯೇ ಇರಲಿಲ್ಲ.

ಎಡಗೈಯ ಕಿರುಬೆರಳು ಮೇಲಿನ ಸಾಲಿನ ತುದಿಗೆ ಚಾಚಿತು.

"ಒಂದು," ಎಂದಳು ಅಕ್ಕ.

ಪರದೆಯ ಮೇಲೆ ಸೊನ್ನೆ ಬಿತ್ತು. ಜರಡಿ ಒಂದು ಎಂದು ಬರೆದಳು.

"ಅಳಿಸು."

ಬರೆದಳು. ಚೌಕದೊಳಗೆ ಕೈಗಳೆರಡೂ ಮೇಲೆದ್ದು ಗಾಳಿಯಲ್ಲಿ ನಿಂತವು. ಅಕ್ಕ ಪರದೆಗೆ ಇನ್ನಷ್ಟು ಬಗ್ಗಿ, ಮುಂದಿನ ಅಕ್ಷರಕ್ಕಾಗಿ ಕಾದಳು.